ಬೆಲ್ಲ ಹಾಕಿದ್ದೀವಲ್ಲ, ದಿನಾ ಪಾಯಸ ಕೊಡಬಹುದಲ್ವಾ?

ಪ್ರಶ್ನೆ: ಮೇಡಂ, ನಮ್ಮನೆಯಲ್ಲಿ ಸಕ್ಕರೆ ಪೂರ್ತಿ ಬಿಟ್ಟಿದ್ದೇವೆ. ಪಾಯಸ, ಉಂಡೆ, ಹೋಳಿಗೆ ಎಲ್ಲಕ್ಕೂ ಬೆಲ್ಲವೇ. ಹಾಗಾದರೆ ಮಕ್ಕಳಿಗೆ ದಿನಾ ಸಿಹಿ ಮಾಡಿಕೊಡಬಹುದಲ್ವಾ? ಅತ್ತೆಗೆ ಶುಗರ್ ಇದೆ, ಅವರಿಗೂ ಕೊಡಬಹುದಾ?

ಉತ್ತರ: ದಿನಾ ಬೇಡ. ಅತ್ತೆಯವರಿಗಂತೂ ಬೆಲ್ಲ ಅನ್ನುವ ಧೈರ್ಯದ ಮೇಲೆ ಕೊಡಲೇಬೇಡಿ.

ಶ್ರಾವಣ ಶುರುವಾದರೆ ದೀಪಾವಳಿ ಮುಗಿಯುವವರೆಗೆ ನನಗೆ ಬರುವುದು ಇದೊಂದೇ ಪ್ರಶ್ನೆ. ಒಂದು ಸಲ ಕೇಸರಿಬಾತಿನ ವೇಷ, ಇನ್ನೊಂದು ಸಲ ಎಳ್ಳುಂಡೆಯ ವೇಷ, ಅಷ್ಟೇ ವ್ಯತ್ಯಾಸ. ಈ ಸಲ ಕೊಂಚ ಉದ್ದವಾಗಿಯೇ ಹೇಳಿಬಿಡುತ್ತೇನೆ.

ಮಂಡ್ಯದ ಕಡೆ ಒಂದೇ ಗದ್ದೆಯ ಕಬ್ಬು ಕಾರ್ಖಾನೆಗೂ ಹೋಗುತ್ತದೆ, ಆಲೆಮನೆಗೂ ಹೋಗುತ್ತದೆ. ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸಿ, ಹರಳು ಕಟ್ಟಿಸಿ, ಕಾಕಂಬಿಯನ್ನು, ಅಂದರೆ ಹರಳಾಗದೆ ಉಳಿಯುವ ಕಪ್ಪು ಅಂಟುಪಾಕವನ್ನು, ಬೇರೆ ಮಾಡುತ್ತಾರೆ. ಆಲೆಮನೆಯಲ್ಲಿ ಕೊಪ್ಪರಿಗೆಗೆ ಸುರಿದು, ಮೇಲೆ ಬಂದ ಕೊಳೆ ತೆಗೆದು, ಪಾಕ ಬಂದ ಮೇಲೆ ಅಚ್ಚಿಗೆ ಹಾಕುತ್ತಾರೆ. ಕಾಕಂಬಿ ಅದರಲ್ಲೇ ಉಳಿಯುತ್ತದೆ. ಬಣ್ಣ, ಘಮ, ಚೂರು ಖನಿಜಾಂಶ ಬರುವುದು ಅದರಿಂದ. ಮಿಕ್ಕಿದ್ದೆಲ್ಲ ಸಕ್ಕರೆಯೇ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ ಸುಮಾರು 380. ಹೊಟ್ಟೆಗೆ ಹೋದ ಮೇಲೆ ಇದು ಆಲೆಮನೆಯದೋ ಕಾರ್ಖಾನೆಯದೋ ಎಂದು ರಕ್ತ ವಿಚಾರಿಸುವುದಿಲ್ಲ. ಶುಗರ್ ಏರಿಯೇ ಏರುತ್ತದೆ.

"ಬೆಲ್ಲದಲ್ಲಿ ಕಬ್ಬಿಣ ಇದೆಯಲ್ಲ?" ಇದೆ. ಎಷ್ಟು ಎನ್ನುವುದು ಒಂದೊಂದು ಬೆಲ್ಲಕ್ಕೆ ಒಂದೊಂದು ಥರ. ಧಾರಾಳವಾಗಿ 100 ಗ್ರಾಮಿಗೆ 10 ಮಿಲಿಗ್ರಾಂ ಎಂದೇ ಇಟ್ಟುಕೊಳ್ಳೋಣ. 30 ಗ್ರಾಂ ಬೆಲ್ಲ ತಿಂದರೆ 3 ಮಿಲಿಗ್ರಾಂ ಸಿಕ್ಕಿತು. ನಮ್ಮ ದೇಶದ ಲೆಕ್ಕದಲ್ಲಿ ಹೆಣ್ಣುಮಕ್ಕಳಿಗೆ ದಿನಕ್ಕೆ ಬೇಕಾದದ್ದು 29. ಬರೀ ಬೆಲ್ಲದಿಂದಲೇ ತುಂಬಿಸುತ್ತೇನೆಂದರೆ ಕಾಲು ಕೆಜಿಗಿಂತ ಜಾಸ್ತಿ ತಿನ್ನಬೇಕು! ಆ ಕೆಲಸಕ್ಕೆ ಸೊಪ್ಪು, ಕಾಳು ಇಟ್ಟುಕೊಳ್ಳಿ. ಊಟದ ಹಿಂದೆಯೇ ಕಾಫಿ ಕುಡಿಯುವುದನ್ನು ಸ್ವಲ್ಪ ಮುಂದಕ್ಕೆ ಹಾಕಿದರೆ ಇನ್ನೂ ಒಳ್ಳೆಯದು.

ಇಷ್ಟಾದರೂ ಬೆಲ್ಲದ ಮೇಲೆ ನನಗೆ ಸಿಟ್ಟಿಲ್ಲ. ರುಚಿಗೆ ನಾನೂ ಬೆಲ್ಲದ ಪಕ್ಷವೇ. ಸಿಟ್ಟು ಇರುವುದು ಅದರ ಹೆಸರಲ್ಲಿ ಬಡಿಸುವ ಎರಡನೇ ಸೌಟಿನ ಮೇಲೆ. "ಬೆಲ್ಲದ್ದು ಕಣೋ, ಏನಾಗಲ್ಲ, ಹಾಕ್ಕೋ." ನಮ್ಮನೆಯಲ್ಲೇ ರಾಗಿ ಹಿಟ್ಟು, ಬೆಲ್ಲ ಹಾಕಿ ಉಂಡೆ ಕಟ್ಟಿ ವಾರಕ್ಕೆಂದು ಡಬ್ಬಿ ತುಂಬಿಸಿಟ್ಟಿದ್ದೆ. ಎರಡೇ ದಿನಕ್ಕೆ ಖಾಲಿ. ರಾಗಿ, ಬೆಲ್ಲ ಅಂದ ಮೇಲೆ ಲೆಕ್ಕ ಯಾರು ಇಡುತ್ತಾರೆ?

ಈಗ ಪಾಯಸದ ಲೆಕ್ಕ. 200 ಗ್ರಾಂ ಬೆಲ್ಲದ ಪಾಯಸವನ್ನು ಆರು ಜನ ಹಂಚಿಕೊಂಡರೆ ತಲೆಗೆ 33 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ, 2,000 ಕ್ಯಾಲೊರಿ ಊಟ ಮಾಡುವವರಿಗೆ ದಿನಕ್ಕೆ ಸಕ್ಕರೆ 50 ಗ್ರಾಂ ಒಳಗಿರಬೇಕು, 25ರ ಒಳಗಿದ್ದರೆ ಇನ್ನೂ ವಾಸಿ. ಆ ಲೆಕ್ಕದಲ್ಲಿ ಜೇನುತುಪ್ಪವೂ ಸೇರುತ್ತದೆ. ದಿನದ ಕಾಫಿ, ಟೀ, ಬಿಸ್ಕತ್ತು ಇನ್ನೂ ಬಾಕಿ ಇದೆ. ಚಿಕ್ಕ ಮಕ್ಕಳಿಗೆ ಇನ್ನೂ ಕಮ್ಮಿ ಸಾಕು. ಅತ್ತೆಯವರು ಹಬ್ಬದ ದಿನ ಎರಡು ಚಮಚ ರುಚಿ ನೋಡಿದರೆ ಅದನ್ನೂ ಸಕ್ಕರೆ ಎಂದೇ ಹಿಡಿಯಿರಿ.

ಮತ್ತೆ ಮಾಡುವುದೇನು? ಪ್ರಮಾಣ ಇಳಿಸಿ, ಅಷ್ಟೇ. ಒಂದು ಲೋಟ ಹೆಸರುಬೇಳೆಗೆ ಒಂದು ಲೋಟ ಬೆಲ್ಲ ಹಾಕುತ್ತಿದ್ದರೆ ಈ ಸಲ ಮುಕ್ಕಾಲು, ಮುಂದಿನ ತಿಂಗಳು ಅರ್ಧ. ಒಂದೇ ಸಲ ಇಳಿಸಿದರೆ ಮನೆಯವರು ಮುಖ ಹುಳ್ಳಗೆ ಮಾಡುತ್ತಾರೆ. ಏಲಕ್ಕಿ ಧಾರಾಳವಾಗಿರಲಿ, ಚಿಟಿಕೆ ಉಪ್ಪು ಬೀಳಲಿ. ಫ್ರಿಜ್ಜಿನಿಂದ ತೆಗೆದು ಹಾಗೇ ಬಡಿಸಬೇಡಿ, ತಣ್ಣಗಿದ್ದರೆ ಸಿಹಿ ಕಮ್ಮಿ ಅನ್ನಿಸುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣಿನ ರಸಾಯನಕ್ಕಂತೂ ಬೆಲ್ಲ ಹೆಸರಿಗಷ್ಟು ಸಾಕು. ಬಟ್ಟಲು ಚಿಕ್ಕದಿರಲಿ.

ಬೆಲ್ಲದ ಮಾತು ಬಂದಿದ್ದಕ್ಕೆ ಇನ್ನೊಂದು. ನೀವು ಕೇಳಿಲ್ಲ, ಆದರೆ ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದವರೆಲ್ಲ ಒಂದಲ್ಲ ಒಂದು ದಿನ ಹಾಲು ಒಡೆಸಿಕೊಂಡೇ ಇರುತ್ತಾರೆ. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ, ಲವಣ ಇರುತ್ತದೆ. ಕುದಿಯುವ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ಬಿಳಿ ಸಕ್ಕರೆಗೆ ಆ ತಾಪತ್ರಯವಿಲ್ಲ. ಅದಕ್ಕೇ ಬೆಲ್ಲವನ್ನು ನೀರಲ್ಲಿ ಕರಗಿಸಿ, ಕಸ ಸೋಸಿ, ಆರಲು ಬಿಡಿ. ಶ್ಯಾವಿಗೆ ಹಾಲಲ್ಲಿ ಬೆಂದು ಉಗುರುಬೆಚ್ಚಗಾದ ಮೇಲೆ ಸೇರಿಸಿ. ಮತ್ತೆ ಒಲೆಗೆ ಇಡಬೇಡಿ.

ಇಲ್ಲವೇ ಸುಮ್ನೆ ಅಜ್ಜಿಯರ ದಾರಿ ಹಿಡಿಯಿರಿ. ಬೇಳೆ ಪಾಯಸಕ್ಕೆ ಬೆಲ್ಲ, ಜೊತೆಗೆ ತೆಂಗಿನಕಾಯಿ ಹಾಲು. ಎರಡನೇ ಸಲ ಹಿಂಡಿದ ನೀರು ಹಾಲಲ್ಲಿ ಬೇಳೆ ಕುದಿಯಲಿ. ಮೊದಲು ಹಿಂಡಿದ ಗಟ್ಟಿ ಹಾಲನ್ನು ಕೊನೆಯಲ್ಲಿ ಹಾಕಿ ತಕ್ಷಣ ಒಲೆ ಆರಿಸಿ. ಅದನ್ನೂ ಕುದಿಸಿ ಒಡೆಸಿಕೊಂಡರೆ ಮಾತ್ರ ಬೆಲ್ಲವನ್ನು ಬೈಯಬೇಡಿ.