ಅಂಡಮಾನಿನ ಕಾಡಿಗೆ ಆನೆ ಏಕೆ ಬರಲಿಲ್ಲ?

ಕಾಫಿ ಕುಯ್ಲು ಮುಗಿದು ಕಣ ಖಾಲಿಯಾದ ಮೇಲೆ ಅಂಡಮಾನ್ ನೋಡಿಬಂದ ಕೊಡಗಿನ ಸಿದ್ದಾಪುರದ ನಮ್ಮ ಸಂಬಂಧಿಕರೊಬ್ಬರು, ಸ್ವರಾಜ್ ದ್ವೀಪದಲ್ಲಿ ಕಾಡಿಗೆ ತಾಗಿಕೊಂಡಿರುವ ಅಡಿಕೆ ತೋಟಗಳಿಗೆ ಸೋಲಾರ್ ಬೇಲಿಯಾಗಲಿ ಆನೆ ಕಂದಕವಾಗಲಿ ಇಲ್ಲದ್ದನ್ನು ಕಂಡು ಬೆರಗಾಗಿ, ‘ಅಲ್ಲಿಯ ಹವೆ ಆನೆಗೆ ಒಗ್ಗುವುದಿಲ್ಲವೇನೋ’ ಎಂದು ತೀರ್ಮಾನಿಸಿಬಿಟ್ಟಿದ್ದರು. ಯಾವ ಪ್ರಾಣಿ ಎಲ್ಲಿದೆ ಎಂಬುದನ್ನೆಲ್ಲ ಹವೆಯ ತಲೆಗೆ ಕಟ್ಟುವ ಈ ಅಭ್ಯಾಸ ನನಗೆ ಸ್ವಲ್ಪ ಸಿಟ್ಟು ತರಿಸುತ್ತದೆ.

ಈಗ ಶ್ರೀ ವಿಜಯಪುರಂ ಎಂದು ಕರೆಯಲಾಗುವ ಪೋರ್ಟ್ ಬ್ಲೇರ್, ಮಡಿಕೇರಿಗಿಂತ ಒಂದು ಡಿಗ್ರಿಯಷ್ಟೂ ದಕ್ಷಿಣಕ್ಕಿಲ್ಲ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 3,000 ಮಿ.ಮೀ.; ಮಡಿಕೇರಿಯ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಮುಂಗಾರು ನಮಗಿಂತ ಮೊದಲೇ, ಮೇ ತಿಂಗಳಲ್ಲಿ, ಅಲ್ಲಿಗೆ ಮುಟ್ಟುತ್ತದೆ. ಸುತ್ತ ಕಡಲಿರುವುದರಿಂದ ನಮ್ಮ ಚಳಿ ಅಲ್ಲಿಲ್ಲ ನಿಜ, ಆದರೆ ಚಳಿ ಇಲ್ಲವೆಂದು ಬಿಟ್ಟುಹೋಗುವ ಪ್ರಾಣಿ ಆನೆಯಲ್ಲ. ಕಾಡೂ ಅಪರಿಚಿತವೇನಲ್ಲ: ಅಲ್ಲಿಯ ಹೆಸರಾಂತ ಪಡೌಕ್ ಮರ ನಮ್ಮ ಹೊನ್ನೆಯ ದಾಯಾದಿ. ಇಷ್ಟಾದರೂ ಹುಲಿ, ಚಿರತೆ, ಕಡವೆ ಅಲ್ಲಿನ ಮೂಲನಿವಾಸಿಗಳಲ್ಲ. ಕೋತಿ ಕೂಡ ಅಲ್ಲ.

ಕಾರಣ ಕಡಲು. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜವನ್ನು ವಿಂಗಡಿಸುವ ಜರಡಿಯನ್ನು ನೆನೆಸಿಕೊಳ್ಳಿ. ಅದರ ಕಣ್ಣು ಬೀಜದ ಗಾತ್ರವನ್ನು ಅಳೆಯುತ್ತದೆ. ಕಡಲೆಂಬ ಜರಡಿ ಅಳೆಯುವುದು ಉಪವಾಸದ ತಾಳ್ಮೆಯನ್ನು. ಬಿಸಿರಕ್ತದ ಸಸ್ತನಿಯ ದೇಹವೆಂದರೆ ಹಗಲಿರುಳು ಒಲೆ ಉರಿಯುವ ಮನೆ. ಸೌದೆ ನಿಂತರೆ ಬೇಗನೆ ಮನೆಯೇ ನಂದಿತು. ಹಲ್ಲಿ, ಹಾವು, ಉಡಗಳದು ಬೇಕಾದಾಗ ಮಾತ್ರ ಒಲೆ ಹಚ್ಚುವ ಸಂಸಾರ, ನೆರೆಯಲ್ಲಿ ಕೊಚ್ಚಿಬಂದ ದಿಮ್ಮಿಯ ಮೇಲೆ ವಾರಗಟ್ಟಲೆ ತೇಲಿ ದಡ ಸೇರಬಲ್ಲವು. ಕಪ್ಪೆಗೂ ಉಪವಾಸ ಗೊತ್ತು, ಆದರೆ ಅದರ ತೆಳು ಚರ್ಮಕ್ಕೆ ಉಪ್ಪುನೀರೇ ವಿಷ. ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಜಿಗಣೆಯ ಮೇಲೆ ಚಿಟಿಕೆ ಉಪ್ಪು ಹಾಕಿದವರಿಗೆ, ಅದು ನೀರು ಬಿಟ್ಟು ಮುದುಡಿ ಉದುರುವುದನ್ನು ಕಂಡವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ರೆಕ್ಕೆಯಿದ್ದವರಿಗೆ ಜರಡಿಯ ಗೊಡವೆಯೇ ಇಲ್ಲ. ಆದ್ದರಿಂದಲೇ ಅಂಡಮಾನಿನ ಸಹಜ ಸಸ್ತನಿಗಳ ಪಟ್ಟಿಯಲ್ಲಿ ಬಾವಲಿಗಳದೇ ಮೇಲುಗೈ. ನಾರ್ಕೊಂಡಮ್ ಎಂಬ ಸುಮಾರು 7 ಚದರ ಕಿ.ಮೀ.ಯ ಜ್ವಾಲಾಮುಖಿ ದ್ವೀಪಕ್ಕೂ ಒಂದು ಮಂಗಟ್ಟೆ ಹಕ್ಕಿ ತಲುಪಿ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪ್ರಭೇದವಾಗಿ ನೆಲೆಸಿತು.

ದುಬಾರೆಯಲ್ಲಿ ಆನೆ ಕಾವೇರಿಯನ್ನು ಲೀಲಾಜಾಲವಾಗಿ ದಾಟುತ್ತದಲ್ಲ ಎಂದು ಕೇಳಬಹುದು. ದಾಟುತ್ತದೆ, ಆದರೆ ಬರ್ಮಾದ ತುದಿಯಿಂದ ಅಂಡಮಾನಿಗೆ ಸುಮಾರು 200 ಕಿ.ಮೀ. ಉಪ್ಪುನೀರಿದೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಕಡಲ ಮಟ್ಟ 120 ಮೀಟರಿನಷ್ಟು ಇಳಿದಿದ್ದಾಗ ಶ್ರೀಲಂಕಾಕ್ಕೆ ಭಾರತದಿಂದ ನಡೆದೇ ಹೋಗಬಹುದಾಗಿತ್ತು, ಅಲ್ಲಿ ಇಂದಿಗೂ ಆನೆ, ಚಿರತೆಗಳಿವೆ. ಬರ್ಮಾ ಮತ್ತು ಅಂಡಮಾನಿನ ನಡುವಣ ಕಡಲು ಅದಕ್ಕೂ ಆಳವಾಗಿದ್ದುದರಿಂದ ಆಗಲೂ ಬತ್ತಲಿಲ್ಲ.

ಹವೆ ಒಗ್ಗುವುದಿಲ್ಲ ಎಂಬ ಮಾತನ್ನು ಕೊನೆಗೆ ಸುಳ್ಳು ಮಾಡಿದ್ದು ಮನುಷ್ಯನೇ. 1858ರಲ್ಲಿ ಅಲ್ಲಿ ಕೈದಿಗಳ ವಸಾಹತು ಕಟ್ಟಿದ ಬ್ರಿಟಿಷರು ಮುಂದೆ ಜಿಂಕೆಗಳನ್ನು ತಂದು ಬಿಟ್ಟರು. ಮರ ಎಳೆಯಲು ಆನೆಗಳೂ ಹಡಗಿನಲ್ಲಿ ಬಂದವು. 1960ರ ದಶಕದಲ್ಲಿ ಮರದ ವ್ಯಾಪಾರಿಗಳು ಇಂಟರ್‌ವ್ಯೂ ದ್ವೀಪದಲ್ಲಿ ಬಿಟ್ಟುಹೋದ ಆನೆಗಳು ಅಲ್ಲೇ ಕಾಡಾನೆಗಳಾಗಿ ಮರಿ ಹಾಕಿ, ಮರಗಳ ತೊಗಟೆ ಸುಲಿದು ಬದುಕಿದವು. ಜಿಂಕೆಗಳಂತೂ ಹಿಡಿದು ತಿನ್ನುವ ಹುಲಿಯಿಲ್ಲದೆ ದ್ವೀಪದಿಂದ ದ್ವೀಪಕ್ಕೆ ಈಜಿ ಹಬ್ಬಿದವು. ಅವು ಮೇಯುವ ಕಡೆ, ಮುಗಿಲೆತ್ತರದ ಮರಗಳ ಬುಡದಲ್ಲಿ ಮೊಣಕಾಲೆತ್ತರದ ಸಸಿ ಸಿಗುವುದೂ ಅಪರೂಪ.