ಪಾಪ, ಅಷ್ಟೊತ್ತು ತೋರಿಸಿದ ಅಂತ ಟೀವಿ ತಗೋಬೇಡಿ

ಬೆಂಗಳೂರಿನ ಒಂದು ದೊಡ್ಡ ಎಲೆಕ್ಟ್ರಾನಿಕ್ಸ್ ಶೋರೂಂನಲ್ಲಿ ನಾನು ಹನ್ನೊಂದು ವರ್ಷ ಟೀವಿ, ಫ್ರಿಜ್, ವಾಷಿಂಗ್ ಮಷೀನ್ ಮಾರಿದ್ದೇನೆ. ಮೊದಲು ಪ್ರಮೋಟರ್, ಆಮೇಲೆ ಫ್ಲೋರ್ ಮ್ಯಾನೇಜರ್. ಅಷ್ಟು ವರ್ಷದಲ್ಲಿ ನಾವು ಹೆದರುತ್ತಿದ್ದದ್ದು ಇಂಜಿನಿಯರ್‌ಗೂ ಅಲ್ಲ, ಲಾಯರ್‌ಗೂ ಅಲ್ಲ. ಕೈಯಲ್ಲಿ ಚೀಟಿ ಹಿಡಿದು ಬರುವ ಅಮ್ಮಂದಿರಿಗೆ.

ಒಬ್ಬರು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಮೂರೇ ಸಾಲು ಬರೆದುಕೊಂಡು ಬಂದಿದ್ದರು. ಫ್ರಿಜ್ಜಿನ ಮಾಡೆಲ್ ನಂಬರ್, ಅಡುಗೆಮನೆ ಮೂಲೆಯ ಅಗಲ 24 ಇಂಚು, ಕೈಯಲ್ಲಿರುವ ದುಡ್ಡು. ನಮ್ಮ ಹುಡುಗ ಅದನ್ನು ನೋಡಿಯೂ ನೋಡದ ಹಾಗೆ ಪಕ್ಕದ ದೊಡ್ಡ ಡಬಲ್ ಡೋರ್ ಬಾಗಿಲು ತೆಗೆದ. ಒಳಗಿನ ಲೈಟು, ತರಕಾರಿ ಡಬ್ಬ, ಐಸ್ ಟ್ರೇ ಎಲ್ಲ ತೋರಿಸಿದ. ಅಮ್ಮ ತಾಳ್ಮೆಯಿಂದ ನೋಡಿದರು.

‘ಚೆನ್ನಾಗಿದೆಯಪ್ಪ. ಆದರೆ ನಮ್ಮ ಮೂಲೆಗೆ ಹಿಡಿಸಲ್ಲ.’

‘ಅಮ್ಮ, ಈ ಆಫರ್ ಇವತ್ತೊಂದೇ ದಿನ.’

‘ಹೌದಾ? ಸರಿ ಬಿಡು. ಮಗನ ಜೊತೆ ಬರ್ತೀನಿ, ಅವತ್ತು ಏನಿರುತ್ತೋ ಅದನ್ನೇ ತಗೋತೀನಿ.’

ಹುಡುಗನಿಗೆ ಮುಂದೆ ಮಾತೇ ಹೊರಡಲಿಲ್ಲ. ಆ ಮಾತಿಗೆ ಉತ್ತರ ನಮಗೆ ಯಾವ ಟ್ರೈನಿಂಗ್‌ನಲ್ಲೂ ಹೇಳಿಕೊಟ್ಟಿರಲಿಲ್ಲ.

ಉಳಿದವರಿಗೆ ಇದು ಯಾಕೆ ಆಗಲ್ಲ? ದಾಕ್ಷಿಣ್ಯ. ‘ಪಾಪ, ಮುಕ್ಕಾಲು ಗಂಟೆ ನಿಂತು ತೋರಿಸಿದ, ಬರಿಗೈಲಿ ಎದ್ದು ಹೋಗೋದು ಹೇಗೆ’ ಅನ್ನುವ ಸಂಕೋಚ. ಇದು ನಮಗೆ ಚೆನ್ನಾಗಿ ಗೊತ್ತಿತ್ತು. ಬಂದ ತಕ್ಷಣ ‘ಕೂತ್ಕೊಳ್ಳಿ ಸಾರ್, ನೀರು ಕೊಡ್ಲಾ’ ಅನ್ನೋದು ಬರೀ ಉಪಚಾರ ಅಂದುಕೊಂಡಿರಾ? ಕೂತವರು ಸುಲಭಕ್ಕೆ ಏಳಲ್ಲ. ಬೆಲೆಯೇ ಇನ್ನೂ ಒಪ್ಪಿಗೆ ಆಗಿರಲ್ಲ, ಅಷ್ಟರಲ್ಲಿ ‘ಡೆಲಿವರಿ ನಾಳೆ ಬೆಳಿಗ್ಗೆನಾ, ಸಂಜೆನಾ’ ಅಂತ ಕೇಳುತ್ತಿದ್ದೆವು. ಸಂಜೆ ಅಂತ ಬಾಯಿಬಿಟ್ಟವರು ಮನಸ್ಸಿನಲ್ಲಿ ಆಗಲೇ ಕೊಂಡಾಗಿರುತ್ತೆ.

ಹಾಗಂತ ಆ ಹುಡುಗನನ್ನು ಬೈಯಬೇಡಿ. ಅವನು ಯಾರ ಸಂಬಳದವನು ಅಂತ ಮೊದಲು ತಿಳಿದುಕೊಳ್ಳಿ. ಎಲ್ಲ ಬ್ರ್ಯಾಂಡ್ ಮಾರುವ ಶೋರೂಂನಲ್ಲಿ ನಿಮ್ಮ ಮುಂದೆ ನಿಂತವನು ಎಷ್ಟೋ ಸಲ ಅಂಗಡಿಯವನೇ ಅಲ್ಲ. ಒಂದು ಕಂಪನಿ, ಸಾಮಾನ್ಯವಾಗಿ ಏಜೆನ್ಸಿ ಮೂಲಕ, ಇಟ್ಟಿರುವ ಪ್ರಮೋಟರ್. ದಿನವಿಡೀ ನಿಂತೇ ಕೆಲಸ. ಸಂಬಳ ಸ್ವಲ್ಪ, ಉಳಿದದ್ದೆಲ್ಲ ಇನ್ಸೆಂಟಿವ್. ಅದೂ ಮಾಡೆಲ್ ಲೆಕ್ಕ. ನನ್ನ ಕಾಲದಲ್ಲಿ ಒಂದು ಟೀವಿಗೆ ನೂರು ರೂಪಾಯಿ ಸಿಕ್ಕರೆ ಪಕ್ಕದ್ದಕ್ಕೆ ಅದರ ನಾಲ್ಕೈದು ಪಟ್ಟು ಸಿಗುತ್ತಿತ್ತು. ಜಾಸ್ತಿ ಸಿಗುತ್ತಿದ್ದದ್ದು ಒಳ್ಳೆ ಟೀವಿಗೇನೂ ಅಲ್ಲ, ಗೋಡೌನಿನಲ್ಲಿ ಕೊಳೆಯುತ್ತಿದ್ದ ಟೀವಿಗೆ. ಬೆಳಿಗ್ಗೆ ಶಟರ್ ಎತ್ತುವ ಮೊದಲೇ ‘ಇವತ್ತು ಇದನ್ನ ತಳ್ರಪ್ಪ’ ಅಂತ ಹೇಳಿರುತ್ತಿದ್ದರು.

ಅದಕ್ಕೇ ನೇರವಾಗಿ ಕೇಳಿಬಿಡಿ: ‘ನೀವು ಅಂಗಡಿಯವರಾ, ಕಂಪನಿಯವರಾ?’ ಹೆಚ್ಚಿನವರು ನಿಜ ಹೇಳುತ್ತಾರೆ. ಕಂಪನಿಯವನಾದರೆ ಅವನ ಕಂಪನಿಯ ಎರಡು ಮಾಡೆಲ್ ನಡುವಿನ ವ್ಯತ್ಯಾಸವನ್ನು ಅವನಷ್ಟು ಚೆನ್ನಾಗಿ ಹೇಳುವವರು ಇನ್ನೊಬ್ಬರಿಲ್ಲ. ಆಮೇಲೆ ಬೇರೆ ಕಂಪನಿಯ ಪ್ರಮೋಟರ್ ಹತ್ತಿರ ಹೋಗಿ ಮೊದಲನೆಯದರ ಬಗ್ಗೆ ಕೇಳಿ. ತಮ್ಮ ಮಾಲಿನ ಬಗ್ಗೆ ಅವರು ಹೇಳೋದನ್ನ ಅರ್ಧ ನಂಬಿ. ಎದುರಿನವರ ಮಾಲಿನ ಬಗ್ಗೆ ಹೇಳುವ ದೂರು ಮಾತ್ರ ಮುಕ್ಕಾಲು ಪಾಲು ನಿಜವೇ ಇರುತ್ತೆ!

ಇನ್ನು ಟೀವಿ. ಇಲ್ಲಿ ನಾನೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಒಂದು ಆಯುಧಪೂಜೆಯ ಹಿಂದಿನ ದಿನ 43 ಇಂಚಿನದು ಕೇಳಿಕೊಂಡು ಬಂದ ದಂಪತಿಗೆ 55 ಇಂಚಿನದು ಮಾರಿದೆ. ಬಾಯಿಮಾತಿನಿಂದಲ್ಲ, ರಿಮೋಟ್‌ನಿಂದ. ದೊಡ್ಡ ಟೀವಿ ವಿವಿಡ್ ಮೋಡ್‌ನಲ್ಲಿತ್ತು. ಬೆಳಕು, ಬಣ್ಣ ಎರಡೂ ತುದಿಗೆ. ಓಡುತ್ತಿದ್ದದ್ದು ಅಂಗಡಿಗೆಂದೇ ಕಂಪನಿ ಕೊಟ್ಟ ವಿಡಿಯೋ: ಗಿಳಿ, ಜಲಪಾತ, ಹೋಳಾದ ಕಿತ್ತಳೆ ಹಣ್ಣು. ಅವರು ಕೇಳಿದ 43 ಇಂಚಿನದರಲ್ಲಿ ನಾನು ಸೆಟ್ ಟಾಪ್ ಬಾಕ್ಸಿನ ಮಾಮೂಲಿ ಚಾನೆಲ್ ಹಾಕಿದ್ದೆ. ಪಕ್ಕಪಕ್ಕ ನಿಲ್ಲಿಸಿದರೆ ಯಾರಿಗೆ ತಾನೇ ಚಿಕ್ಕದು ಮಂಕಾಗಿ ಕಾಣಲ್ಲ? ವಾರ ಬಿಟ್ಟು ಯಜಮಾನರು ಫೋನ್ ಮಾಡಿದರು. ‘ಅಂಗಡೀಲಿ ಕಂಡ ಹಾಗೆ ಮನೇಲಿ ಕಾಣ್ತಿಲ್ವಲ್ಲಪ್ಪ?’ ಏನು ಹೇಳಲಿ?

ಆದ್ದರಿಂದ ರಿಮೋಟ್ ನಿಮ್ಮ ಕೈಗೆ ತಗೊಳ್ಳಿ. ಪಿಕ್ಚರ್ ಮೋಡ್ ಅನ್ನು ಸ್ಟ್ಯಾಂಡರ್ಡ್ ಅಥವಾ ಸಿನಿಮಾಕ್ಕೆ ಹಾಕಿ. ಎರಡೂ ಟೀವಿಯಲ್ಲಿ ಒಂದೇ ಚಾನೆಲ್ ಹಾಕಿಸಿ, ಮನೆಯಲ್ಲಿ ನೋಡುವ ಸೀರಿಯಲ್ಲೋ ಕ್ರಿಕೆಟ್ಟೋ. ಆಮೇಲೆ ನಿಮ್ಮ ಮನೆಯ ಹಾಲ್‌ನಲ್ಲಿ ಸೋಫಾ ಎಷ್ಟು ದೂರವಿದೆಯೋ ಅಷ್ಟು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿ. ಐದು ನಿಮಿಷದ ಕೆಲಸ. ಪಕ್ಕದಲ್ಲಿ ನಿಂತ ಹುಡುಗನ ಮುಖವನ್ನೂ ನೋಡಿ, ಅಲ್ಲೂ ಒಂದಿಷ್ಟು ಗೊತ್ತಾಗುತ್ತೆ.

‘ಆ ಮಾಡೆಲ್ ಸ್ಟಾಕ್ ಇಲ್ಲ ಸಾರ್’ ಅಂದರೆ ‘ಪರವಾಗಿಲ್ಲ, ಬುಕ್ ಮಾಡ್ಕೊಳ್ಳಿ, ಬಂದಾಗ ತಗೋತೀನಿ’ ಅನ್ನಿ. ಇಲ್ಲದ ಸ್ಟಾಕು ಹತ್ತು ನಿಮಿಷದಲ್ಲಿ ಗೋಡೌನಿನಿಂದ ಎದ್ದು ಬಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಮಾಡೆಲ್ ನಂಬರ್ ಕೊನೆಯ ಅಕ್ಷರದವರೆಗೂ ಓದಿ. ಒಂದೇ ತರಹದ ಟೀವಿಯನ್ನು ಬೇರೆ ಬೇರೆ ಅಂಗಡಿಗೆ, ಆನ್‌ಲೈನ್‌ಗೆ ಬೇರೆ ಬೇರೆ ನಂಬರಿನಲ್ಲಿ ಬಿಡುವುದುಂಟು. ಬೆಲೆ ಹೋಲಿಸಲು ಹೋದರೆ ಅಲ್ಲೇ ಎಡವುತ್ತೀರಿ.

‘ಇವತ್ತೇ ಕೊನೆ’ ಅನ್ನೋದಕ್ಕೆ ಈಚೆಗೆ ಹೊಸ ವೇಷ ಬಂದಿದೆ: ಟ್ಯಾಕ್ಸ್. 2025ರ ಸೆಪ್ಟೆಂಬರ್ 22ರಿಂದ ಏಸಿಗೆ, 32 ಇಂಚಿಗಿಂತ ದೊಡ್ಡ ಟೀವಿಗೆ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದು ಹಬ್ಬ ಮುಗಿದರೆ ಮುಗಿಯುವ ಆಫರ್ ಅಲ್ಲ, ಸರ್ಕಾರ ಬದಲಿಸಿದ ದರ. ಫ್ರಿಜ್, ವಾಷಿಂಗ್ ಮಷೀನ್ ಮೊದಲೇ ಶೇ 18ರಲ್ಲಿದ್ದವು. ಅವುಗಳ ಮೇಲೆ ‘ಜಿಎಸ್‌ಟಿ ಇಳಿದಿದೆ ಮೇಡಂ’ ಅಂತ ಯಾರಾದರೂ ಅಂದರೆ ಸುಮ್ನೆ ನಕ್ಕುಬಿಡಿ. ನಿಜವಾಗಿ ಬೆಲೆ ಬಗ್ಗುವ ದಿನ ಬೇರೆ ಇದೆ. ತಿಂಗಳ ಕೊನೆಯ ಎರಡು ಮೂರು ದಿನ. ಆಗ ಟಾರ್ಗೆಟ್ ತಲೆ ಮೇಲೆ ಕೂತಿರುತ್ತೆ. ಒತ್ತಾಯವೂ ಜಾಸ್ತಿ, ಮ್ಯಾನೇಜರ್ ಬಿಡುವ ರಿಯಾಯಿತಿಯೂ ಜಾಸ್ತಿ.

ಏಸಿ, ಫ್ರಿಜ್ ಆದರೆ ‘5 ಸ್ಟಾರ್ ಸಾರ್’ ಅನ್ನುವ ಕೂಗು ಕೇಳಿಸಿಕೊಂಡು ಲೇಬಲ್ ಹತ್ತಿರ ಬಗ್ಗಿ. ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಎಳೆಯುತ್ತೆ ಅಂತ ಅದರಲ್ಲಿ ಬರೆದಿರುತ್ತೆ. ಲೇಬಲ್ ಯಾವ ಅವಧಿಯದು ಅಂತಲೂ ಇರುತ್ತೆ. ಕರೆಂಟ್ ಉಳಿತಾಯಕ್ಕೆ ಸ್ಟಾರ್ ಕೊಡುವ ಅಳತೆ ಕೆಲವು ವರ್ಷಕ್ಕೊಮ್ಮೆ ಬಿಗಿಯಾಗುತ್ತೆ. ಹಳೆ ಸ್ಟಾಕಿನ 5 ಸ್ಟಾರ್, ಹೊಸ ಅಳತೆಯಲ್ಲಿ 4 ಆಗಿಬಿಡಬಹುದು.

ಇಷ್ಟೆಲ್ಲ ದಾಟಿ ಬಂದವರೂ ಜಾರಿ ಬೀಳೋದು ಬಿಲ್ಲಿಂಗ್ ಕೌಂಟರಿನಲ್ಲಿ. ಕಾರ್ಡ್ ಕೈಯಲ್ಲಿದೆ, ತಲೆ ದಣಿದಿದೆ, ಮಗು ಅಳುತ್ತಿದೆ. ಆಗ ಬರುತ್ತೆ ಎಕ್ಸ್‌ಟೆಂಡೆಡ್ ವಾರಂಟಿ, ಅಂದರೆ ದುಡ್ಡು ಕೊಟ್ಟು ಉದ್ದ ಮಾಡಿಸಿಕೊಳ್ಳುವ ವಾರಂಟಿ. ಅಂಗಡಿಗೆ ಟೀವಿಗಿಂತ ಈ ಕಾಗದದಲ್ಲೇ ಮಾರ್ಜಿನ್ ಚೆನ್ನಾಗಿರುತ್ತೆ, ಅದಕ್ಕೇ ಅಷ್ಟು ಒತ್ತಾಯ. ಕಂಪನಿಯೇ ಕೊಡೋದಾ, ಬೇರೆಯವರಾ? ಏನೇನು ಸೇರಲ್ಲ? ಇವೆರಡನ್ನು ಬರಹದಲ್ಲಿ ತೋರಿಸಿ ಅನ್ನಿ. ನನ್ನನ್ನು ಕೇಳಿದರೆ ಫ್ರಿಜ್ಜಿಗೆ ಬೇಡ. ದೊಡ್ಡ ಟೀವಿಗೆ, ಕಂಪನಿಯದೇ ಆದರೆ, ಯೋಚಿಸಬಹುದು. ಪ್ಯಾನೆಲ್, ಅಂದರೆ ಪರದೆ, ಹೋದರೆ ರಿಪೇರಿ ಖರ್ಚು ಹೊಸ ಟೀವಿಯ ಹತ್ತಿರಕ್ಕೆ ಹೋಗಿಬಿಡುತ್ತೆ. ‘10 ವರ್ಷ ವಾರಂಟಿ’ ಅಂತ ಫ್ರಿಜ್ ಬಾಗಿಲ ಮೇಲೆ ಅಂಟಿಸಿರೋದು ಸಾಮಾನ್ಯವಾಗಿ ಬರೀ ಕಂಪ್ರೆಸರ್‌ಗೆ. ಗ್ಯಾಸು, ಬೋರ್ಡು, ಮೆಕ್ಯಾನಿಕ್ ಕೂಲಿ ಅದರಲ್ಲಿ ಇರುತ್ತೆ ಅಂದುಕೊಳ್ಳಬೇಡಿ. ಸ್ಟೆಬಿಲೈಜರ್ ಕೊಡಲು ಬಂದರೆ ಮಷೀನ್ ಎಷ್ಟು ವೋಲ್ಟ್‌ವರೆಗೆ ತಡೆಯುತ್ತೆ ಅಂತ ಮೊದಲು ಓದಿ. ಈಗಿನ ಎಷ್ಟೋ ಮಾಡೆಲ್‌ಗಳು ಸ್ಟೆಬಿಲೈಜರ್ ಇಲ್ಲದೆಯೇ ನಡೆಯುತ್ತವೆ. ನಿಮ್ಮ ಏರಿಯಾದಲ್ಲಿ ಕರೆಂಟ್ ಆಟ ಆಡುತ್ತಿದ್ದರೆ ಆ ಮಾತು ಬೇರೆ.

ನೋ ಕಾಸ್ಟ್ ಇಎಂಐ ಅಂದರೆ ಬಡ್ಡಿಯೇ ಇಲ್ಲ ಅಂತಲ್ಲ. ಶೂನ್ಯ ಬಡ್ಡಿ ಅನ್ನೋದು ಗಿರಾಕಿಯ ಕಣ್ಣಿಗೆ ಮಣ್ಣೆರಚುವ ಲೆಕ್ಕ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಸಿತ್ತು. ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ತೋರಿಸುತ್ತಾರೆ, ಇಲ್ಲವೇ ಬೆಲೆಯಲ್ಲೇ ಸೇರಿಸಿರುತ್ತಾರೆ. ಕಾರ್ಡಿನ ಇಎಂಐ ಆದರೆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಜೊತೆಗೆ ಪ್ರೊಸೆಸಿಂಗ್ ಫೀ. ಒಂದೇ ಪ್ರಶ್ನೆ ಸಾಕು: ‘ಪೂರ್ತಿ ದುಡ್ಡು ಈಗಲೇ ಕೊಟ್ರೆ ಎಷ್ಟಕ್ಕೆ ಕೊಡ್ತೀರಾ?’ ಆ ಮೊತ್ತಕ್ಕೂ ಇಎಂಐ ಕಂತುಗಳ ಒಟ್ಟು ಮೊತ್ತಕ್ಕೂ ಇರುವ ಅಂತರವೇ ಬಡ್ಡಿ.

‘ವಾರಂಟಿ ತಗೊಂಡರೆ ಮಾತ್ರ ಈ ಟೀವಿ ಕೊಡೋದು’ ಅಂದರೆ ಅದು ಒತ್ತಾಯ ಅಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಬಿಲ್ ಕೊಡದಿರುವುದೂ ಅಷ್ಟೇ. ‘ಮಾರಿದ ಮಾಲು ವಾಪಸ್ಸಿಲ್ಲ’ ಅನ್ನುವ ಬೋರ್ಡು ದೋಷವಿರುವ ಮಾಲಿಗೆ ನಡೆಯಲ್ಲ. ವಾಪಸ್ ಮಾಡುವ ಅವಧಿ ಬಿಲ್ಲಿನಲ್ಲಿ ಬರೆದಿರದಿದ್ದರೆ 30 ದಿನದೊಳಗೆ ಕೇಳಬಹುದು. ಮನೆಗೆ ಹೋದ ಮೇಲೆ ಬಣ್ಣ ಇಷ್ಟ ಆಗಲಿಲ್ಲ ಅಂದರೆ ಮಾತ್ರ ಕಾಯ್ದೆ ನೆರವಿಗೆ ಬರಲ್ಲ. ಬಿಲ್ ಮಾಡಲು ಫೋನ್ ನಂಬರ್ ಕೊಡಲೇಬೇಕು ಅಂತ ಅಂಗಡಿಯವರು ಪಟ್ಟು ಹಿಡಿಯಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಹೇಳಿದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ತುಂಬಿರುವ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ‘ಬಿಲ್ ಬೇಕಾ, ಬೇಡ್ವಾ’ ಅಂತ ಎರಡು ರೇಟ್ ಹೇಳಿದರೆ ಬೇಕು ಅನ್ನಿ. ಬಿಲ್ ಇಲ್ಲದೆ ವಾರಂಟಿಗೆ ಓಡಾಡಿದವರ ಪಾಡು ನನಗೆ ಗೊತ್ತು.

ಚೀಟಿಯ ಅಮ್ಮ ನಾಲ್ಕು ದಿನ ಬಿಟ್ಟು ಮಗನ ಜೊತೆ ಬಂದರು. ಆಫರ್ ಎಲ್ಲೂ ಹೋಗಿರಲಿಲ್ಲ. ಮಗನ ಕೈಲಿ ಟೇಪು ಹಿಡಿಸಿ ಫ್ರಿಜ್ ಅಳೆಸಿದರು. ಚೀಟಿಯಲ್ಲಿದ್ದ ಅದೇ ಚಿಕ್ಕ ಮಾಡೆಲ್. ಕೌಂಟರಿಗೆ ಬಂದು ನನ್ನನ್ನು ಕೇಳಿದರು, ‘ಅವತ್ತು ಆ ಹುಡುಗ ಪಾಪ ತುಂಬ ಹೊತ್ತು ತೋರಿಸಿದ. ಇದು ಅವನ ಲೆಕ್ಕಕ್ಕೇ ಬರುತ್ತಲ್ವಾ?’ ಬರುತ್ತೆ ಅಮ್ಮ ಅಂದೆ. ಹುಡುಗನ ಹೆಸರು ಕೇಳಿ, ಬಿಲ್ಲಿನಲ್ಲಿ ಬರೆಸಿದ ಮೇಲೇ ದುಡ್ಡು ಎಣಿಸಿ ಕೊಟ್ಟರು.