ಆಕಾಶದ ಕಲ್ಲಿಗೆ ಊರಿನ ಹೆಸರು

ಉಲ್ಕಾಶಿಲೆ ಎಂದು ನಂಬಿ ನಾನು ಅಂತರ್ಜಾಲದಲ್ಲಿ ಮೊದಲು ಕೊಂಡ ಕಲ್ಲು ಮಖಮಲ್ಲಿನ ಪುಟ್ಟ ಪೆಟ್ಟಿಗೆಯಲ್ಲಿ, ಬಂಗಾರದ ಬಣ್ಣದ ಅಕ್ಷರಗಳಿದ್ದ ಪ್ರಮಾಣಪತ್ರದೊಂದಿಗೆ ಬಂದಿತ್ತು. ಕಲ್ಲು ಕಪ್ಪಗಿತ್ತು, ಗಾತ್ರಕ್ಕೆ ಮೀರಿದ ಭಾರವೂ ಇತ್ತು. ಮನೆಯಲ್ಲಿ ಮಿಕ್ಕಿದ್ದ ಟೈಲ್ ಒಂದರ ಹೊಳಪಿಲ್ಲದ ಹಿಂಬದಿಯ ಮೇಲೆ ಅದನ್ನು ಒತ್ತಿ ಎಳೆದಾಗ ಕೆಮ್ಮಣ್ಣಿನ ಬಣ್ಣದ ಗೆರೆ ಮೂಡಿತು. ಸಂಡೂರಿನ ಕಡೆಯ ಹೆಮಟೈಟ್ ಎಂಬ ಕಬ್ಬಿಣದ ಅದಿರನ್ನು ಕೈಯಲ್ಲಿ ಹಿಡಿದವರಿಗೆ ಆ ಬಣ್ಣದ ಪರಿಚಯವಿರುತ್ತದೆ. ಉಲ್ಕಾಶಿಲೆ ಸಾಮಾನ್ಯವಾಗಿ ಹೀಗೆ ಗೆರೆ ಬಿಡುವುದಿಲ್ಲ. ಪ್ರಮಾಣಪತ್ರವನ್ನು ಮತ್ತೆ ತೆಗೆದು ಓದಿದೆ. ಕಲ್ಲು ಅಸಲಿ ಎಂಬ ಭರವಸೆ ಅದರಲ್ಲಿತ್ತು. ಅದು ಎಲ್ಲಿ ಸಿಕ್ಕಿತು, ಯಾರು ಪರೀಕ್ಷಿಸಿದರು, ಅದರ ಹೆಸರೇನು ಎಂಬ ಮಾಹಿತಿ ಎಲ್ಲಿಯೂ ಇರಲಿಲ್ಲ. ಹಣ ಕೊಡುವ ಮೊದಲೇ ಆ ಹೆಸರನ್ನು ಕೇಳಬೇಕಿತ್ತು ಎಂಬುದು ನನಗೆ ಅಂದು ತಿಳಿಯಿತು.

ವಿಜ್ಞಾನವು ಮಾನ್ಯ ಮಾಡಿದ ಪ್ರತಿಯೊಂದು ಉಲ್ಕಾಶಿಲೆಗೂ ಒಂದು ಹೆಸರಿರುತ್ತದೆ, ಮತ್ತು ಆ ಹೆಸರು ಸಾಮಾನ್ಯವಾಗಿ ಅದು ಬಿದ್ದ ಅಥವಾ ಸಿಕ್ಕಿದ ಸ್ಥಳದ್ದೇ ಆಗಿರುತ್ತದೆ. 1865ರಲ್ಲಿ ನಮ್ಮ ಮದ್ದೂರಿನ ಬಳಿ ಬಿದ್ದ ಕಲ್ಲು ಉಲ್ಕಾಶಿಲೆಗಳ ಅಧಿಕೃತ ಪಟ್ಟಿಯಲ್ಲಿ ಅಂದಿನ ಕಾಗುಣಿತದಂತೆ ‘ಮುದ್ದೂರ್’ ಎಂದಿದೆ. 1866ರಲ್ಲಿ ಉಡುಪಿಯಲ್ಲಿ ಬಿದ್ದದ್ದು ‘ಉಡಿಪಿ’ ಎಂದಿದೆ. 1933ರಲ್ಲಿ ಸ್ಥಾಪನೆಯಾದ, ಉಲ್ಕಾಶಿಲೆಗಳನ್ನು ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘವಾದ ಮೀಟಿಯರಿಟಿಕಲ್ ಸೊಸೈಟಿಯ ನಾಮಕರಣ ಸಮಿತಿಯು ಈ ಹೆಸರುಗಳಿಗೆ ಒಪ್ಪಿಗೆ ಕೊಡುತ್ತದೆ. ಅದಕ್ಕೆ ಮುನ್ನ ತಜ್ಞರೊಬ್ಬರು ಕಲ್ಲಿನ ಖನಿಜಗಳನ್ನು ವಿಶ್ಲೇಷಿಸಿ ವರ್ಗ ನಿರ್ಧರಿಸಿರಬೇಕು, ಮತ್ತು 20 ಗ್ರಾಂ ಅಥವಾ ಒಟ್ಟು ತೂಕದ ಶೇ 20, ಇವೆರಡರಲ್ಲಿ ಕಡಿಮೆಯಾದಷ್ಟು ತುಣುಕನ್ನು ಮಾನ್ಯ ಸಂಸ್ಥೆಯೊಂದರಲ್ಲಿ ಶಾಶ್ವತವಾಗಿ ಇರಿಸಿರಬೇಕು. ಹೀಗೆ ದಾಖಲಾದ 70,000ಕ್ಕೂ ಹೆಚ್ಚು ಹೆಸರುಗಳು ಮೀಟಿಯರಿಟಿಕಲ್ ಬುಲೆಟಿನ್ ದತ್ತಾಂಶ ಕೋಶದಲ್ಲಿದ್ದು, ಅದನ್ನು ಯಾರು ಬೇಕಾದರೂ ಉಚಿತವಾಗಿ ತೆರೆದು ನೋಡಬಹುದು. ಮಾರಾಟಗಾರ ಹೇಳಿದ ಹೆಸರನ್ನು ಅಲ್ಲಿ ಹುಡುಕಲು ಎರಡು ನಿಮಿಷ ಸಾಕು. ವರ್ಗ ಯಾವುದು, ಯಾವ ದೇಶದ್ದು, ಒಟ್ಟು ಎಷ್ಟು ತೂಕ ಸಿಕ್ಕಿದೆ ಎಂಬುದೆಲ್ಲ ಅಲ್ಲಿರುತ್ತದೆ. ದಾಖಲೆಯಲ್ಲಿ ಒಟ್ಟು 300 ಗ್ರಾಂ ಮಾತ್ರ ಇರುವ ಕಲ್ಲನ್ನು ಒಬ್ಬರೇ ಕಿಲೋಗಟ್ಟಲೆ ಮಾರುತ್ತಿದ್ದರೆ ಅಲ್ಲಿಗೆ ವ್ಯವಹಾರ ನಿಲ್ಲಿಸಬಹುದು.

ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಕಾಣುವ ಹೆಸರು ಎನ್‌ಡಬ್ಲ್ಯೂಎ, ಎಂದರೆ ವಾಯವ್ಯ ಆಫ್ರಿಕಾ. ಸಹಾರಾ ಮರುಭೂಮಿಯಲ್ಲಿ ಅಲೆಮಾರಿಗಳು ಹೆಕ್ಕಿ ತಂದ ಕಲ್ಲುಗಳು ಮೊರಾಕ್ಕೊದ ಪೇಟೆಗಳ ಮೂಲಕ ಜಗತ್ತಿಗೆ ಹರಡುತ್ತವೆ. ಸಿಕ್ಕ ಜಾಗ ನಿಖರವಾಗಿ ತಿಳಿಯದ ಕಾರಣ ಅವುಗಳಿಗೆ ಊರಿನ ಹೆಸರಿನ ಬದಲು ಕ್ರಮಸಂಖ್ಯೆ ಕೊಡಲಾಗುತ್ತದೆ. ಸಂಖ್ಯೆಯಿದ್ದರೆ ಅದು ಪರೀಕ್ಷೆಯಾದ ಕಲ್ಲು. ಬರೀ ಎನ್‌ಡಬ್ಲ್ಯೂಎ ಎಂದಿದ್ದರೆ ಯಾರೂ ವಿಶ್ಲೇಷಿಸದ ಕಲ್ಲು. ಎರಡನೆಯದನ್ನು ಕೊಳ್ಳುವುದು ತಪ್ಪೇನಲ್ಲ, ಅದು ಅಗ್ಗವೂ ಹೌದು. ಆದರೆ ಹೊಸಬರು ಅದರಿಂದ ಆರಂಭಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಖ್ಯೆಯಿಲ್ಲದ ಕಲ್ಲನ್ನು ಚಂದ್ರನದು, ಮಂಗಳನದು ಎಂದು ಹೇಳಿ ಮಾರುವವರಿಂದಂತೂ ದೂರವಿರಬೇಕು. ಆ ಎರಡು ಮೂಲಗಳನ್ನು ಪ್ರಯೋಗಾಲಯದ ವಿಶ್ಲೇಷಣೆಯಿಲ್ಲದೆ ಯಾರೂ ಖಚಿತವಾಗಿ ಹೇಳಲಾರರು.

ಮೊದಲ ಕಲ್ಲು ಯಾವುದಿರಲಿ ಎಂದು ಕೇಳಿದವರಿಗೆಲ್ಲ ನಾನು ಸೂಚಿಸುವುದು, ಸಂಖ್ಯೆಯಿರುವ, ‘ಸಾಮಾನ್ಯ ಕಾಂಡ್ರೈಟ್’ ಎಂಬ ಜಾತಿಯ ಕಲ್ಲೊಂದರ ಕೊಯ್ದು ನಯಗೊಳಿಸಿದ ಬಿಲ್ಲೆಯನ್ನು. ಭೂಮಿಗೆ ಬೀಳುವುದರಲ್ಲಿ ಬಹುಪಾಲು ಕಲ್ಲುಗಳು ಈ ಜಾತಿಯವೇ. ನನ್ನ ಬಳಿಯಿರುವ ಒಂದು ಬಿಲ್ಲೆ ಬಿಸ್ಕತ್ತಿಗಿಂತ ದೊಡ್ಡದಲ್ಲ. ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನು ಕಣ್ಣಿಗೆ ಹಚ್ಚಿಕೊಂಡು ಬಿಲ್ಲೆಯನ್ನು ಕಿಟಕಿಯ ಬೆಳಕಿನಲ್ಲಿ ಓರೆಯಾಗಿ ಹಿಡಿದರೆ, ಕಂದು ಹಿನ್ನೆಲೆಯ ತುಂಬ ಸಾಸಿವೆ, ರಾಗಿಕಾಳಿನ ಗಾತ್ರದ ದುಂಡು ದುಂಡಾದ ಮಣಿಗಳು ಕಾಣುತ್ತವೆ. ಕೆಲವು ಬೂದು, ಕೆಲವು ನಸುಹಸಿರು, ಕೆಲವಕ್ಕೆ ಗೆರೆಗೆರೆಯಾದ ಒಳಮೈ. ಇವೇ ಕಾಂಡ್ರೂಲ್‌ಗಳು. ಸೌರವ್ಯೂಹ ರೂಪುಗೊಳ್ಳುತ್ತಿದ್ದ ಕಾಲದಲ್ಲಿ, ಸುಮಾರು 456 ಕೋಟಿ ವರ್ಷಗಳ ಹಿಂದೆ, ಧೂಳಿನ ಉಂಡೆಗಳು ಕರಗಿ, ತೇಲುತ್ತಲೇ ತಣಿದು ಗಟ್ಟಿಯಾದ ಹನಿಗಳು ಅವು. ಭೂಮಿಯ ಯಾವ ಬಂಡೆಯಲ್ಲಿಯೂ ಅವು ಇಲ್ಲ. ನಡುನಡುವೆ ಬಿಲ್ಲೆಯನ್ನು ಹೊರಳಿಸಿದಾಗ ಫಳಕ್ಕೆಂದು ಹೊಳೆಯುವ ಚುಕ್ಕಿಗಳು ಕಬ್ಬಿಣ–ನಿಕಲ್ ಲೋಹದವು. ಇಂತಹ ಬಿಲ್ಲೆಯನ್ನು ನಕಲಿ ಮಾಡುವುದು ಬಹಳ ಕಷ್ಟ. ಹೊಸಬರಿಗೆ ಇದನ್ನೇ ಹೇಳಲು ಅದೂ ಒಂದು ಕಾರಣ.

ಇಡಿಯಾದ ಕಲ್ಲನ್ನೇ ಕೊಳ್ಳುವುದಾದರೆ ಹೊರಮೈ ನೋಡಬೇಕು. ವಾತಾವರಣದಲ್ಲಿ ಉರಿಯುತ್ತ ಬರುವಾಗ ಮೇಲ್ಪದರ ಕರಗಿ ಹರಿದುಹೋಗುತ್ತದೆ, ಕೊನೆಗೆ ಉಳಿದದ್ದು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳುವಾದ ಕಪ್ಪು ಸಿಪ್ಪೆಯಾಗುತ್ತದೆ. ಕೆಲವು ಕಲ್ಲುಗಳ ಮೇಲೆ, ವಿಶೇಷವಾಗಿ ಕಬ್ಬಿಣದವುಗಳ ಮೇಲೆ, ಬಿಸಿ ರಾಗಿಮುದ್ದೆಗೆ ಹೆಬ್ಬೆರಳು ಒತ್ತಿ ತೆಗೆದಂತಹ ತಗ್ಗುಗಳಿರುತ್ತವೆ. ಒಡಲಿನ ತುಂಬ ಗಾಳಿಗುಳ್ಳೆಯ ತೂತುಗಳಿದ್ದರೆ ಅದು ಬಹುಮಟ್ಟಿಗೆ ಕುಲುಮೆಯ ಕಬ್ಬಿಣದ ಕಿಟ್ಟ ಅಥವಾ ಜ್ವಾಲಾಮುಖಿಯ ಕಲ್ಲು. ಹಾಗಾಗಿ ಎಲ್ಲ ಬದಿಗಳ ಚಿತ್ರಗಳನ್ನೂ, ಒಂದಾದರೂ ಒಡೆದ ಅಥವಾ ಕೊಯ್ದ ಮುಖದ ಚಿತ್ರವನ್ನೂ ಕೇಳಿ ತರಿಸಿಕೊಳ್ಳಬೇಕು. ಅವು ನಿಮಗೆ ಕಳಿಸಲಿರುವ ಅದೇ ತುಣುಕಿನ ಚಿತ್ರಗಳಾಗಿರಬೇಕು.

ಕಲ್ಲು ಮನೆಗೆ ಬಂದ ಮೇಲೆ ಮಾಡಬಹುದಾದ ಒಳ್ಳೆಯ ಪರೀಕ್ಷೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ಅನಂತರ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ದಾರ ಕಟ್ಟಿದ ಕಲ್ಲನ್ನು ತಳಕ್ಕಾಗಲಿ ಅಂಚಿಗಾಗಲಿ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವುದು ಕಲ್ಲು ಸರಿಸಿದ ನೀರಿನ ತೂಕವನ್ನು. ಕಲ್ಲು 70 ಗ್ರಾಂ ಇದ್ದು ತಕ್ಕಡಿ 20 ತೋರಿಸಿದರೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಸಾಂದ್ರತೆ 3.5, ಅಂದರೆ ಕಾಂಡ್ರೈಟಿಗೆ ಒಪ್ಪುವ ಅಂಕಿ. ನಮ್ಮ ಮಾಮೂಲಿ ಗ್ರಾನೈಟಿನದು 2.7ರ ಆಸುಪಾಸು, ಹೆಮಟೈಟಿನದು 5ರ ಹತ್ತಿರ, ಕಬ್ಬಿಣದ ಉಲ್ಕಾಶಿಲೆಯದು ಸುಮಾರು 7.8. ಪರೀಕ್ಷೆ ಮುಗಿದ ಕೂಡಲೇ ಕಲ್ಲನ್ನು ಒರೆಸಿ ಚೆನ್ನಾಗಿ ಒಣಗಿಸಬೇಕು.

ಕಬ್ಬಿಣದ ಜಾತಿಗೆ ಈ ಅಂಕಿಯೊಂದೇ ಸಾಲದು, ಏಕೆಂದರೆ ಕಾರ್ಖಾನೆಯ ಉಕ್ಕಿನ ಸಾಂದ್ರತೆಯೂ ಅಷ್ಟೇ ಇದೆ. ಉಲ್ಕೆಯ ಕಬ್ಬಿಣದಲ್ಲಿ ಸಾಮಾನ್ಯವಾಗಿ ಶೇ 5ಕ್ಕಿಂತ ಹೆಚ್ಚು ನಿಕಲ್ ಇರುತ್ತದೆ. ಕ್ಷುದ್ರಗ್ರಹದ ಒಡಲಿನಲ್ಲಿ ಈ ಲೋಹ ಹತ್ತು ಲಕ್ಷ ವರ್ಷಗಳಿಗೆ ಕೆಲವು ನೂರು ಅಥವಾ ಕೆಲವು ಸಾವಿರ ಡಿಗ್ರಿಗಳಷ್ಟೇ ತಣಿಯುತ್ತ ಹೋದಾಗ, ನಿಕಲ್ ಕಡಿಮೆಯಿರುವ ಮತ್ತು ಹೆಚ್ಚಿರುವ ಎರಡು ಹರಳುಗಳು ಒಂದರೊಳಗೊಂದು ಪಟ್ಟಿಗಳಾಗಿ ಬೆಳೆಯುತ್ತವೆ. ಕೊಯ್ದು ನಯಗೊಳಿಸಿದ ಮುಖವನ್ನು ಆಮ್ಲದಿಂದ ತೊಳೆದರೆ ಆ ಪಟ್ಟಿಗಳು ಚಾಪೆಯ ಹೆಣಿಗೆಯಂತೆ ಎದ್ದು ಕಾಣುತ್ತವೆ. ಇದನ್ನು ವಿಡ್‌ಮನ್‌ಸ್ಟಾಟನ್ ವಿನ್ಯಾಸ ಎನ್ನುತ್ತಾರೆ. ಲೇಸರಿನಿಂದ ಉಕ್ಕಿನ ಮೇಲೆ ಕೆತ್ತಿದ ನಕಲಿಯಲ್ಲಿ ಗೆರೆಗಳು ಮೇಲ್ಮೈಯಲ್ಲಷ್ಟೇ ಇರುತ್ತವೆ. ಅಸಲಿಯಲ್ಲಿ ಅವು ಬಿಲ್ಲೆಯ ಅಂಚಿನಲ್ಲಿಯೂ ಮುಂದುವರಿಯುತ್ತವೆ, ಬೆಳಕಿಗೆ ಹೊರಳಿಸಿದಂತೆ ಪಟ್ಟಿಗಳ ಹೊಳಪೂ ಬದಲಾಗುತ್ತದೆ. ಎಲ್ಲ ಕಬ್ಬಿಣಗಳೂ ಇದನ್ನು ತೋರಿಸುವುದಿಲ್ಲ ಎಂಬುದು ನೆನಪಿರಲಿ. 1947ರ ಫೆಬ್ರುವರಿ 12ರಂದು ರಷ್ಯಾದ ಪೂರ್ವ ಗಡಿಭಾಗದ ಕಾಡಿನಲ್ಲಿ ಬಿದ್ದ ಸಿಖೋಟೆ–ಅಲಿನ್‌ನ ಪಟ್ಟಿಗಳು ಎಷ್ಟು ದಪ್ಪವೆಂದರೆ ಚಿಕ್ಕ ತುಣುಕಿನಲ್ಲಿ ಹೆಣಿಗೆಯೇ ಕಾಣಿಸದು. ಅದರ ಚೆಲುವು ಹೊರಮೈಯ ಹೆಬ್ಬೆರಳ ಗುರುತುಗಳಲ್ಲಿದೆ. ಸ್ವೀಡನ್ನಿನ ಮುವೊನಿಯೊನಾಲುಸ್ಟಾದ ಹೆಣಿಗೆ ಬಲು ಸುಂದರ, ಆದರೆ ಅದಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಅದನ್ನು ತೆರೆದಿಟ್ಟರೆ ಕಣ್ಣೆದುರೇ ಹಾಳಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಪೊಟ್ಟಣಗಳನ್ನು ಆಗಾಗ ಬದಲಿಸುತ್ತಿರಬೇಕು.

ಅಯಸ್ಕಾಂತದ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ, ನನಗೆ ಮಾತ್ರ ಅದರ ಬಗ್ಗೆ ಹಿಂಜರಿಕೆಯಿದೆ. ಮ್ಯಾಗ್ನಟೈಟ್ ಅದಿರೂ ಅಯಸ್ಕಾಂತಕ್ಕೆ ಅಂಟುವುದರಿಂದ ಅದು ಹೇಳುವುದು ಸ್ವಲ್ಪವೇ. ಕಲ್ಲು ಹೊತ್ತು ತಂದ ಹಳೆಯ ಕಾಂತೀಯ ಗುರುತನ್ನು ಅಳಿಸುವುದು ಮಾತ್ರ ಬಹಳ. ಮಂಗಳ ಗ್ರಹದಿಂದ ಬಂದ ‘ಬ್ಲ್ಯಾಕ್ ಬ್ಯೂಟಿ’, ಅಂದರೆ ಎನ್‌ಡಬ್ಲ್ಯೂಎ 7034, ಮತ್ತು ಅದರ ಜೊತೆಯ ಕಲ್ಲುಗಳಲ್ಲಿ ಆ ಗ್ರಹದ ಪ್ರಾಚೀನ ಕಾಂತಕ್ಷೇತ್ರದ ಗುರುತನ್ನು ಹುಡುಕಿದ ವಿಜ್ಞಾನಿಗಳಿಗೆ, ಹೆಕ್ಕಿದವರು ಮತ್ತು ಮಾರಿದವರು ತಾಗಿಸಿದ ಪ್ರಬಲ ಅಯಸ್ಕಾಂತಗಳು ಆ ಗುರುತನ್ನು ಅಳಿಸಿದ್ದು ಕಂಡುಬಂತು. ಕೋಟ್ಯಂತರ ವರ್ಷ ಉಳಿದುಬಂದ ದಾಖಲೆ ಒಂದು ಕ್ಷಣದ ಸ್ಪರ್ಶಕ್ಕೆ ಹೋಯಿತೆಂದರೆ ಸಂಕಟವಾಗುತ್ತದೆ.

ಕಲ್ಲು ಅಸಲಿಯಾದರೂ ಅದು ಬಂದ ದಾರಿ ಸರಿಯಿಲ್ಲದಿರಬಹುದು. ಅರ್ಜೆಂಟೀನಾ 2007ರ ಕಾನೂನಿನಿಂದ ಉಲ್ಕಾಶಿಲೆಗಳನ್ನು ಸಾಂಸ್ಕೃತಿಕ ಸ್ವತ್ತೆಂದು ಘೋಷಿಸಿದೆ, ಆದರೂ ಅಲ್ಲಿನ ಕ್ಯಾಂಪೊ ಡೆಲ್ ಸಿಯೆಲೊ ಕಬ್ಬಿಣ ಎಲ್ಲೆಡೆ ಮಾರಾಟಕ್ಕಿದೆ. ಯಾವ ವರ್ಷ ದೇಶದಿಂದ ಹೊರಬಂದದ್ದು ಎಂದು ಕೇಳುವುದು ಕೊಳ್ಳುವವರ ಕರ್ತವ್ಯ. ನೈಜರ್ ದೇಶದಲ್ಲಿ ಸಿಕ್ಕಿದ 24.67 ಕಿಲೋ ತೂಕದ ಮಂಗಳದ ಕಲ್ಲು, ಎನ್‌ಡಬ್ಲ್ಯೂಎ 16788, 2025ರ ಜುಲೈಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 53 ಲಕ್ಷ ಡಾಲರಿಗೆ ಹೋದಾಗ, ಅದು ಹೊರಹೋದ ಬಗೆಯ ಕುರಿತು ನೈಜರ್ ಸರ್ಕಾರ ತನಿಖೆ ಆರಂಭಿಸಿತು. ಭಾರತದಲ್ಲಿ ಬಿದ್ದ ಕಲ್ಲುಗಳನ್ನು ಕಾಪಿಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯದು. ಆದ್ದರಿಂದ ಇಲ್ಲಿನ ಹೊಲದಲ್ಲಿ ಮೊನ್ನೆ ಬಿದ್ದದ್ದೆಂದು ಯಾರಾದರೂ ಕಲ್ಲು ಮಾರಲು ಬಂದರೆ ಕೊಳ್ಳದೆ ಇಲಾಖೆಗೆ ತಿಳಿಸುವುದೇ ಸರಿ. ಸಿಡಿಲು ಬಡಿದ ಇರಿಡಿಯಂ, ಅಕ್ಕಿಕಾಳು ಸೆಳೆಯುವ ‘ರೈಸ್ ಪುಲ್ಲರ್’ ಎಂದು ಕೋಟಿಗಳ ಆಸೆ ಹುಟ್ಟಿಸುವ ವಂಚಕರ ಜಾಲದಲ್ಲಿ ನಮ್ಮ ರಾಜ್ಯದವರೂ ಹಣ ಕಳೆದುಕೊಂಡಿದ್ದಾರೆ. ಅದಕ್ಕೂ ಉಲ್ಕಾಶಿಲೆಗೂ ಯಾವ ಸಂಬಂಧವೂ ಇಲ್ಲ.

ಮಾರಾಟಗಾರರ ವಿಷಯ ಹೆಚ್ಚು ಹೇಳಬೇಕಿಲ್ಲ. ಐಎಂಸಿಎ ಎಂಬ ಅಂತರರಾಷ್ಟ್ರೀಯ ಉಲ್ಕಾಶಿಲೆ ಸಂಗ್ರಾಹಕರ ಸಂಘದ ಸದಸ್ಯರಿಗೆ ಸದಸ್ಯ ಸಂಖ್ಯೆಯಿರುತ್ತದೆ. ಅದನ್ನು ಸಂಘದ ಪಟ್ಟಿಯಲ್ಲಿ ಪರಿಶೀಲಿಸಬಹುದು. ಕಲ್ಲು ನಕಲಿಯೆಂದು ಸಾಬೀತಾದರೆ ಹಣ ವಾಪಸು ಕೊಡುವ ಮಾತು ಬರಹದಲ್ಲಿರಲಿ, ರಸೀತಿಯಲ್ಲಿ ಕಲ್ಲಿನ ಹೆಸರು, ವರ್ಗ, ಗ್ರಾಂ ಲೆಕ್ಕದ ತೂಕ, ನಿಜವಾದ ಬೆಲೆ ನಮೂದಾಗಿರಲಿ. ಸುಂಕ ಉಳಿಸಲು ‘ಉಡುಗೊರೆ’ ಎಂದು ಬರೆಸುವ ಸಲಹೆಯನ್ನು ಒಪ್ಪಬೇಡಿ.

ಆ ರಸೀತಿ ಮತ್ತು ಹಳೆಯ ಚೀಟಿಗಳನ್ನು ಕಲ್ಲಿನ ಡಬ್ಬಿಯಲ್ಲಿಯೇ ಇಡಬೇಕು, ಏಕೆಂದರೆ ಚೀಟಿ ಕಳೆದುಹೋದ ಕಲ್ಲನ್ನು ಮತ್ತೆ ಗುರುತಿಸಲು ಪ್ರಯೋಗಾಲಯವೇ ಬೇಕಾಗುತ್ತದೆ. ನಾನು ಪ್ರತಿ ಡಬ್ಬಿಯೊಳಗೂ ಹೆಸರು, ವರ್ಗ, ತೂಕ, ಯಾರಿಂದ ಯಾವ ದಿನ ಬಂತು ಎಂಬುದನ್ನು ಗಟ್ಟಿ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಇಟ್ಟಿದ್ದೇನೆ. ಮೊದಲು ಬಂದ ಆ ಕೆಂಪು ಗೆರೆಯ ಕಲ್ಲಿಗೂ ಈಗ ಒಂದು ಚೀಟಿಯಿದೆ, ಅದರಲ್ಲಿ ‘ಹೆಮಟೈಟ್, ಸಿಕ್ಕ ಸ್ಥಳ ತಿಳಿಯದು’ ಎಂದಿದೆ.